ಶಿದ್ರಾಮಪ್ಪನ ಎರಡು ಪಟ್ಟು ಮಾತು

ಹುನ್ನೂರಿನ ಬೀರೇಶ್ವರ ಗುಡಿಯ ಕಟ್ಟೆಯ ಮೇಲೆ ಶಿದ್ರಾಮಪ್ಪ ಬಂದು ಕೂರದೆ ಎರಡು ವರ್ಷವಾಗಿತ್ತು. ಆದರೆ ಅವನ ದನಿ ಮಾತ್ರ ಅಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಮಸ್ಕತ್ತಿನ ಬಟ್ಟೆ ಅಂಗಡಿಯೊಂದರ ಮ್ಯಾನೇಜರ್ ಆತ. ದಿನಾ ಬೆಳಿಗ್ಗೆ ಶಟರ್ ಎತ್ತುವ ಮೊದಲು ‘ಕಟ್ಟಿ ಬಳಗ’ ಎಂಬ ವಾಟ್ಸಾಪ್ ಗುಂಪಿಗೆ ಒಂದು ಧ್ವನಿ ಸಂದೇಶ ಕಳಿಸುವನು. ಅದನ್ನೇ ಹುನ್ನೂರಿನಲ್ಲಿದ್ದ ಹೆಂಡತಿ ಕಸ್ತೂರೆವ್ವನಿಗೂ ಕಳಿಸುವನು. ಅನ್ನ ಕೊಡುವ ಪರದೇಶದ ರಾಜಕಾರಣ ಮಾತಾಡುವುದು ಮರ್ಯಾದೆಯಲ್ಲ ಎಂಬುದು ಅವನ ನೇಮ. ಹಾಗಾಗಿ ಹೊಟ್ಟೆಯಲ್ಲಿದ್ದ ಅಭಿಪ್ರಾಯವೆಲ್ಲ ಊರ ಕಡೆಗೇ ಹರಿಯುತ್ತಿತ್ತು.

ಮನುಷ್ಯ ಹಳೇ ಕಾಲದವ. ಹೊಸದು ಏನೇ ಬರಲಿ, ಹೊಸ್ತಿಲಲ್ಲಿ ನಿಲ್ಲಿಸಿ ನಿಂದು ಯಾವೂರು ಎಂದು ಕೇಳಿಯೇ ಒಳಗೆ ಬಿಡಬೇಕು ಅನ್ನುವವ. “ಸರ್ಕಾರ ಅಂದ್ರ ಬೀಗರ ಮನಿ ಇದ್ದಂಗಪಾ,” ಎಂದು ಒಂದು ಬೆಳಿಗ್ಗೆ ಹೇಳಿದ್ದ. “ಎರಡು ದಿನಾ ಹೋಳಿಗಿ ಹಾಕ್ತಾರ. ಮೂರನೇ ದಿನಾನೂ ಅಲ್ಲೇ ಕುಂತ್ರ ಮರ್ಯಾದಿ ಉಳಿಯಂಗಿಲ್ಲ.” ಪಕ್ಷ ಬದಲಿಸುವವರ ಮೇಲೂ ಸಿಟ್ಟು: “ಕಾಮಣ್ಣನ ಕುರಿ ಸೈತ ಸಂಜಿಗೆ ತಮ್ಮ ಹಟ್ಟಿಗೇ ಬರ್ತಾವು. ಈ ದೊಡ್ಡ ಮಂದಿಗೆ ತಮ್ಮ ಹಟ್ಟಿ ಗುರುತೂ ಇಲ್ಲ.”

ಈ ಕಾಮಣ್ಣ ಶಿದ್ರಾಮಪ್ಪನ ಸಾಲಿ ಗೆಳೆಯ. ಒಂದಿಷ್ಟು ಕುರಿ, ಒಂದಿಷ್ಟು ಕಬ್ಬು, ಬೀರೇಶ್ವರನ ಮೇಲೆ ಅಪಾರ ಭಕ್ತಿ. ಓಟಿನ ಮಾತಿಗೆ ಬಂದರೆ ಶಿದ್ರಾಮಪ್ಪನ ತದ್ವಿರುದ್ಧ ಪಕ್ಷ. ಮಸ್ಕತ್ತಿನಿಂದ ಒಂದು ಮಾತು ಬಂದರೆ ಹುನ್ನೂರಿನಿಂದ ಕಾಮಣ್ಣನ ಎರಡು ಮಾತು ಹೋಗುತ್ತಿದ್ದವು, ಅದೂ ಹೊಲದ ಆ ಬದಿಗೆ ಕೂಗುವ ದನಿಯಲ್ಲಿ. ಆ ಬೈಗುಳ ಕೇಳಿದ ಮೇಲೆಯೇ ಶಿದ್ರಾಮಪ್ಪನಿಗೆ ಚಹಾ ರುಚಿಸುತ್ತಿತ್ತು. ಆದರೆ ಹೋದ ವರ್ಷ ಒಂದು ದಿನ ಕಾಮಣ್ಣ ಇದ್ದಕ್ಕಿದ್ದಂತೆ ಗುಂಪು ಬಿಟ್ಟ. ಫೋನ್ ಮಾಡಿದರೆ ಎತ್ತಲಿಲ್ಲ. ಯಾಕೆಂದು ಕೇಳಿದರೆ ಕಟ್ಟೆಯವರು “ಊರಿಗೆ ಬಂದಾಗ ಹೇಳ್ತೀವಿ” ಎಂದು ಜಾರಿಕೊಂಡರು. ಬೈಯುವವರಿಲ್ಲದ ಮೇಲೆ ಹೇಳುವುದರಲ್ಲೂ ಸ್ವಾರಸ್ಯ ಉಳಿಯಲಿಲ್ಲ. ಕೊನೆಗೆ ಶಿದ್ರಾಮಪ್ಪ ಗಂಟುಮೂಟೆ ಕಟ್ಟಿಕೊಂಡು ಕಾಯಮ್ಮಾಗಿ ಊರಿಗೇ ಬಂದುಬಿಟ್ಟ. ವಯಸ್ಸಾಯಿತು ಎಂದು ಮಂದಿಯ ಮುಂದೆ ಹೇಳಿದ. ಖರೇ ಹೇಳಬೇಕೆಂದರೆ, ಕಾಮಣ್ಣನ ಪಕ್ಕ ಕೂತು ಜಗಳಾಡದೆ ಅವನಿಗೆ ಜೀವ ನಿಲ್ಲುತ್ತಿರಲಿಲ್ಲ.

ಬಂದ ಮರುದಿನವೇ ಕಟ್ಟೆಗೆ ಹೋದ. ಎಲ್ಲರೂ ಇದ್ದರು, ಕಾಮಣ್ಣನೊಬ್ಬ ಇಲ್ಲ. ಇರಲಿ ಎಂದು ಶಿದ್ರಾಮಪ್ಪ ಗಂಟಲು ಸರಿಮಾಡಿಕೊಂಡು ಟೀವಿ ಚರ್ಚೆಗಳ ಬಗ್ಗೆ ಶುರುಮಾಡಿದ. “ಎಂಟು ಮಂದಿ ಒಮ್ಮೆಲೇ ಒದರತಾರ. ನಮ್ಮ ಕಟ್ಟಿಮ್ಯಾಲೆ ಒಬ್ಬಾಂವ ಮಾತಾಡಿದ್ರ ಇನ್ನೊಬ್ಬಾಂವ ಎಲಿಗೆ ಸುಣ್ಣಾ ಹಚ್ಚತಿದ್ದ...” ಅಷ್ಟರಲ್ಲಿ ಒಬ್ಬ ಆಕಳಿಸಿದ. ಇನ್ನೊಬ್ಬ ಎದ್ದು ಚಪ್ಪಲಿ ಹುಡುಕಿದ. ಹಿಟ್ಟಿನ ಗಿರಣಿಯ ಮಹಾಲಿಂಗ ಗಾಬರಿಯಿಂದ ಹತ್ತಿರ ಸರಿದ.

“ಕಾಕಾ, ಆರಾಮ ಅದೀರಿಲ್ರಿ? ಮಾತು ಭಾಳ ಸಾವಕಾಶ ಬರಾಕತ್ತಾವು. ಡಾಕ್ಟರ್ ಕಡೆ ಹೋಗೂಣೇನು?”

“ನನಗೇನಾಗೇತಲೇ? ಹುಟ್ಟಿದಾಗಿಂದ ಹಿಂಗ ಮಾತಾಡ್ತೇನಿ.”

ಮಹಾಲಿಂಗ ತಲೆ ಕೆರೆದುಕೊಂಡ. ಆಮೇಲೆ ಗುಟ್ಟು ಹೊರಬಿತ್ತು. ಶಿದ್ರಾಮಪ್ಪನ ಸಂದೇಶಗಳು ಉದ್ದವೆಂದು ಕಟ್ಟೆಯವರು ಅವನ್ನು ಫೋನಿನಲ್ಲಿ ಎರಡು ಪಟ್ಟು ವೇಗಕ್ಕೆ ಇಟ್ಟು ಕೇಳುತ್ತಿದ್ದರಂತೆ. ಮೊದಮೊದಲು ಅವಸರಕ್ಕೆ ಮಾಡಿದ್ದು, ಆಮೇಲೆ ಅದೇ ಅವನ ದನಿ ಎಂದು ರೂಢಿಯಾಗಿಬಿಟ್ಟಿತ್ತು. ಅವರ ಪಾಲಿಗೆ ಶಿದ್ರಾಮಪ್ಪನೆಂದರೆ ಹುರಿಗಡಲೆ ಹಾರಿದಂತೆ ಪಟಪಟ ಮಾತಾಡುವ ಗಂಡಸು. ಎದುರಿಗೆ ಕೂತವನು ಯಾರೋ ಅವನ ಅಜ್ಜ ಇದ್ದ ಹಾಗಿದ್ದ.

ಕಟ್ಟೆಯೆಲ್ಲ ನಕ್ಕಿತು. ಶಿದ್ರಾಮಪ್ಪನಿಗೂ ನಗು ಬಂತು, ಆದರೆ ತಡವಾಗಿ ಬಂತು. “ಅದಿರಲಿ, ಕಾಮಣ್ಣ ಯಾಕ ಸಿಟ್ಟಾಗ್ಯಾನ, ಈಗರ ಹೇಳ್ರಿ,” ಎಂದ. ಮಹಾಲಿಂಗ ನಗು ನಿಲ್ಲಿಸಿ ನಡೆದದ್ದನ್ನೆಲ್ಲ ಹೇಳಿದ.

ಹೋದ ವರ್ಷದ ಆ ದಿನ ಶಿದ್ರಾಮಪ್ಪ ಹೆಣ್ಣುಮಕ್ಕಳ ಪುಕ್ಕಟೆ ಬಸ್ಸಿನ ಬಗ್ಗೆ ಮಾತಾಡಿದ್ದ: “ಇನ್ನ ನೋಡ್ರಿ, ನಾಕು ಎಲಿ ತರಾಕೂ ಜಮಖಂಡಿಗೆ ಹೊಂಡ್ತಾರ. ಬಿಟ್ಟಿ ಸಿಕ್ರ ನನಗೊಂದು, ನಮ್ಮಪ್ಪಗೊಂದು!” ಕಟ್ಟೆಯ ಮೇಲೆ ಫೋನು ಜೋರಾಗಿ ಒದರುತ್ತಿದ್ದ ಆ ಹೊತ್ತಿಗೇ ಜಮಖಂಡಿ ಬಸ್ಸು ಬಂದು ನಿಂತಿತು. ಇಳಿದವಳು ಕಾಮಣ್ಣನ ಹೆಂಡತಿ ಪದ್ಮವ್ವ. ಕೈಯಲ್ಲಿ ವೀಳ್ಯದೆಲೆಯ ಕಟ್ಟು, ಅದೊಂದೇ. ಕಟ್ಟೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗಳು ಅನುರಾಧಾಳಿಗೆ ಸಾವಳಗಿಯ ಗಂಡು ಗೊತ್ತಾಗಿ, ಮರುದಿನದ ಎಲೆ-ಅಡಿಕೆ ಶಾಸ್ತ್ರಕ್ಕೆಂದು ಆಕೆ ಆರಿಸಿ ತಂದ ಎಲೆಗಳು ಅವು. ಕಟ್ಟೆಯ ಮೇಲಿದ್ದ ಕಾಮಣ್ಣ ಎದ್ದು ಹೋಗಿ ಅಂದೇ ಗುಂಪು ಬಿಟ್ಟಿದ್ದ.

ಶಿದ್ರಾಮಪ್ಪನಿಗೆ ಕಿವಿ ಬಿಸಿಯಾದವು. ಬಸ್ಸಿನ ಬಗ್ಗೆ ಅವನ ಅಭಿಪ್ರಾಯ ಕೂದಲಷ್ಟೂ ಬದಲಾಗಲಿಲ್ಲ. ಆದರೆ ಹೆಣ್ಣುಮಗಳ ಶುಭಕಾರ್ಯದ ಎಲೆಗೆ ಅವನ ಮಾತು ತಗುಲಿತ್ತು, ಹಳೇ ಕಾಲದ ಮನುಷ್ಯನಿಗೆ ಅದಕ್ಕಿಂತ ದೊಡ್ಡ ಪೆಟ್ಟು ಬೇಕೇ?

ಮನೆಗೆ ಬಂದರೆ ಕಸ್ತೂರೆವ್ವ ಹೊಸ ಸೀರೆಯೊಂದನ್ನು ಮಡಿಚಿ ಚೀಲಕ್ಕಿಡುತ್ತಿದ್ದಳು. “ನಾಡದ ಅನುರಾಧಾನ ಮದಿವಿ ಐತ್ರಿ, ಸಾವಳಗ್ಯಾಗ. ಇದು ಆಕಿಗೆ ಉಡುಗೊರಿ, ಆಯೇರಕ್ಕ. ರಬಕವಿಗೆ ಪದ್ಮಕ್ಕನ ಕರಕೊಂಡೇ ಹೋಗಿದ್ನಿ, ನಾಕು ಸಲ ಹೋದಮ್ಯಾಗ ಬಣ್ಣಾ ಪಸಂದ ಬಂತು.”

“ಸೀರಿ ಒಂದು, ಬಸ್ಸು ನಾಕು ಸಲ! ನಾ ಹೇಳಿದ್ದೂ ಅದನ್ನ,” ಎಂದ ಶಿದ್ರಾಮಪ್ಪ. ಮರುಕ್ಷಣವೇ ಬೆರಗಾದ. “ಅಂದ್ರ ನೀವಿಬ್ಬರೂ ಮಾತಾಡ್ತೀರಿ?”

“ಗಂಡಸ್ರು ಮುಖಾ ತಿರುವಿದ್ರ ನಾವ್ಯಾಕ ಬಾಯಿ ಕಟ್ಕೊಳ್ಳೂಣ? ವಾರಕ್ಕೊಮ್ಮೆ ಇಬ್ಬರೂ ಕೂಡೇ ಬಸ್ಸಿನ್ಯಾಗ ಹೋಗ್ತೀವಿ. ಮದಿವಿಗೆ ಕುಂಕುಮ ಹಚ್ಚಿ ಕರದದ್ದೂ ಬಸ್ಸಿನ್ಯಾಗ.”

“ಬಾಗಿಲಿಗೆ ಬಂದು ಕರೀಲಿಲ್ಲಂದ್ರ ನಾ ಬರಂಗಿಲ್ಲ. ಬಿಟ್ಟಿ ಬಸ್ಸಿನ್ಯಾಗ ಕರದದ್ದು ಅದ್ಯಾವ ಲೆಕ್ಕಕ್ಕ?”

“ನಿಮ್ಮನ್ನ ಬಿಟ್ಟು ಹೋದ್ರ ಜಾಗಾ ಏನೂ ಖಾಲಿ ಉಳಿಯಂಗಿಲ್ಲ, ಬಸ್ಸು ತುಂಬಿರ್ತೈತಿ,” ಎಂದು ಕಸ್ತೂರೆವ್ವ ಚೀಲದ ಬಾಯಿ ಕಟ್ಟಿದಳು.

ಮದುವೆಯ ದಿನ ಶಿದ್ರಾಮಪ್ಪ ಹೆಂಡತಿಗಿಂತ ಮೊದಲೇ ಬಸ್ ಸ್ಟಾಪಿನಲ್ಲಿದ್ದ. ಬಸ್ಸಿನ ತುಂಬ ಹೆಣ್ಣುಮಕ್ಕಳು, ಹೂವಿನ ವಾಸನೆ, ಬಳೆಗಳ ಸದ್ದು. ಟಿಕೆಟ್ಟಿಗೆ ದುಡ್ಡು ಕೊಟ್ಟ ಮಹಾಶಯನೇ ಕಂಬ ಹಿಡಿದು ನೇತಾಡುತ್ತಿದ್ದ. ಜಮಖಂಡಿ ದಾಟಿದ ಮೇಲೆ ಮುದುಕಿಯೊಬ್ಬಳು “ಕುಂದರ್ರಿ ಎಪ್ಪಾ, ಎಷ್ಟೊತ್ತಂತ ನಿಲ್ಲತೀರಿ?” ಎಂದು ಸರಿದು ಜಾಗ ಕೊಟ್ಟಳು. ಶಿದ್ರಾಮಪ್ಪ ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿ ನೋಡುತ್ತಿದ್ದ. ಕಾಮಣ್ಣ ಮುಖ ತಿರುಗಿಸಿಬಿಟ್ಟರೆ ಹುನ್ನೂರಾದರೇನು, ಮಸ್ಕತ್ತಾದರೇನು, ತನಗೆ ಎರಡೂ ಪರದೇಶವೇ ಅನ್ನಿಸಿತು.

ಸಾವಳಗಿಯ ಹಂದರದಲ್ಲಿ ಕಾಮಣ್ಣ ತಲೆಗೆ ಹಳದಿ ಪಟಗ ಸುತ್ತಿಕೊಂಡು, ಹಣೆತುಂಬ ಅರಿಸಿನದ ಭಂಡಾರ ಹಚ್ಚಿಕೊಂಡು ನಿಂತಿದ್ದ. ಗೆಳೆಯನನ್ನು ಕಂಡ. ಕಂಡೂ ಹಂದರದ ತೋರಣ ನೋಡುತ್ತ ನಿಂತ. ಶಿದ್ರಾಮಪ್ಪ ಹತ್ತಿರ ಹೋಗಿ ಕೈ ಜೋಡಿಸಿದ.

“ಕಾಮಣ್ಣಾ... ಹೋದ ವರ್ಷ ನಾ ಹೇಳಿದ್ದು... ಆ ಎಲಿ ಅದಾವಲ್ಲ... ನಮ್ಮ ಅನುರಾಧಾನ ಶಾಸ್ತ್ರದ್ದು ಅಂತ... ಬೀರಪ್ಪನಾಣಿ ನನಗ...”

ಕಾಮಣ್ಣ ತುಟಿ ಬಿಗಿಹಿಡಿದು ತಡೆದುಕೊಂಡ. ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ಕೊನೆಗೆ ತಡೆಯಲಾಗಲಿಲ್ಲ.

“ಲೇ, ಜಲ್ದಿ ಹೇಳೋ! ಮುಹೂರ್ತದ ಅಕ್ಕಿಕಾಳ ಬೀಳೂ ಹೊತ್ತಾತು. ಅದೇನು ಗಾಣಾ ತಿರುವಿದಂಗ ಎಳಿಯಾಕತ್ತಿ? ನಿನ್ನೆಮೊನ್ನಿತನಾ ಫೋನಿನ್ಯಾಗ ಪಟಪಟಾ ಅಂತಿದ್ದಿ!”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಶಿದ್ರಾಮಪ್ಪನ ಜೋಡಿಸಿದ ಕೈ ಹಾಗೇ ನಿಂತವು.

“ಗುಂಪು ಬಿಟ್ಟು ವರ್ಷಾತಲ್ಲೋ ನೀ?”

“ಗುಂಪು ಬಿಟ್ಟಾರ್ರಿ ಅಣ್ಣಾರ, ಚಟಾ ಬಿಟ್ಟಿಲ್ಲ,” ಎಂದಳು ಅಕ್ಕಿಯ ತಟ್ಟೆ ಹಿಡಿದು ಬಂದ ಪದ್ಮವ್ವ. “ಕಸ್ತೂರಕ್ಕ ದಿನಾ ನನ್ನ ಫೋನಿಗೆ ಕಳಸ್ತಿದ್ಲು. ಇವ್ರು ಅದನ್ನ ಒಯ್ದು ಕುರಿ ಹಟ್ಟ್ಯಾಗ ಕುಂತು ಕೇಳ್ತಿದ್ರು. ಜವಾಬೆಲ್ಲಾ ಕುರಿಗೋಳ ಮುಂದ. ಈಗ ನಮ್ಮ ಕುರಿಗೂ ನಿಮ್ಮ ಪಾರ್ಟಿ ಅಂದ್ರ ಆಗಂಗಿಲ್ಲ!”

ಶಿದ್ರಾಮಪ್ಪನಿಗೆ ಕಣ್ಣು ತುಂಬಿ ಬಂದವು. ಮರಳುಗಾಡಿನಲ್ಲಿ ಕೂತು ಒಂದು ವರ್ಷ ಗೋಡೆಗೆ ಮಾತಾಡುತ್ತಿದ್ದೇನೆ ಅಂದುಕೊಂಡಿದ್ದ. ಇಲ್ಲೊಬ್ಬ ಒಂದೂ ಬಿಡದೆ ಕೇಳಿದ್ದಾನೆ, ಬೈದೂ ಇದ್ದಾನೆ! ಅವನ ಜೀವಕ್ಕೆ ಹಬ್ಬವಾಯಿತು.

“ನಿನ್ನ ತಪ್ಪು ತಪ್ಪೇ ಖರೆ,” ಎಂದ ಕಾಮಣ್ಣ, ತನ್ನ ಮುಷ್ಟಿಯ ಅಕ್ಕಿಕಾಳಿನಲ್ಲಿ ಅರ್ಧ ಗೆಳೆಯನ ಅಂಗೈಗೆ ಸುರಿಯುತ್ತ. “ಮೊದಲು ಮಗಳ ತಲಿಮ್ಯಾಗ ಹಾಕು. ಆಮ್ಯಾಲೆ ನಿನ್ನ ನೋಡ್ಕೋತೇನಿ.”

ಊಟಕ್ಕೆ ಇಬ್ಬರೂ ಒಟ್ಟಿಗೇ ಕೂತರು. ಎಲೆಯ ಮೇಲೆ ಹೋಳಿಗೆ ಬೀಳುತ್ತಿದ್ದಂತೆ ಕಾಮಣ್ಣ ಶುರುಮಾಡಿದ. “ಸರ್ಕಾರ ಅಂದ್ರ ಬೀಗರ ಮನಿ ಅಂದಿದ್ದಿಯಲ್ಲ? ನೋಡು, ಇದು ಖರೇನ ಬೀಗರ ಮನಿ. ಬ್ಯಾಡಂದ್ರೂ ಹಾಕಾಕತ್ತಾರ. ನೀ ಬ್ಯಾಡಂತ ಎದ್ದು ಹೋಗು ನೋಡೂಣ?”

“ಹೋಳಿಗಿ ತಿಂತೇನಿ. ಬಸ್ಸಿನ ಮಾತು ಮಾತ್ರ ಬಿಡಂಗಿಲ್ಲ.”

“ಬಿಡಬ್ಯಾಡ ಮಾರಾಯಾ! ನೀ ಬಿಟ್ರ ನಾ ಯಾರ ಕೂಡ ಜಗಳಾ ಮಾಡ್ಲಿ?”

ಬಿಸಿಲು ಇಳಿಯುವ ಹೊತ್ತಿಗೆ ಕಸ್ತೂರೆವ್ವ ಚೀಲ ಹಿಡಿದು ಬಂದಳು. “ಬಸ್ಸು ಬಂತ್ರಿ, ಏಳ್ರಿ.”

“ನೀವು ಹೋಗ್ರಿ ವೈನಿ, ನಿಮಗ ಹೆಂಗೂ ಪುಕ್ಕಟೆ ಐತಿ,” ಎಂದ ಕಾಮಣ್ಣ. “ಇಂವನ್ನ ನಾ ನಾಳೆ ಕರಕೊಂಡು ಬರ್ತೇನಿ. ವರ್ಷಾನಗಟ್ಟಲೆ ಕುರಿಗೋಳ ಮುಂದ ಹೇಳಿದ್ದೆಲ್ಲಾ ಇಂವಗ ಮತ್ತೊಮ್ಮೆ ಹೇಳೂದೈತಿ.”

ಕಸ್ತೂರೆವ್ವ ನಗುತ್ತ ಬಸ್ಸಿನ ಕಡೆ ಹೋದಳು. ಕಾಮಣ್ಣ ಜಮಖಾನದ ಮೇಲೆ ಕಾಲು ಚಾಚಿ, ಎಲೆಗೆ ಸುಣ್ಣ ಹಚ್ಚತೊಡಗಿದ. “ಹೂಂ, ಟೀವಿ ಮಂದಿ ಬಗ್ಗೆ ಕಟ್ಟಿಮ್ಯಾಗ ಏನೋ ಹೇಳಾಕತ್ತಿದ್ದಿಯಂತ. ಹೇಳು. ಸಾವಕಾಶ ಹೇಳು.”

ಶಿದ್ರಾಮಪ್ಪ ಗಂಟಲು ಸರಿಮಾಡಿಕೊಂಡು, ತನ್ನದೇ ವೇಗದಲ್ಲಿ, ಮೊದಲಿನಿಂದ ಶುರುಮಾಡಿದ.