ಕುಂಬಳಕಾಯಿ ಸಿಪ್ಪೆ

"ವಿವೇಕಾ, ಅಲ್ನೋಡು. ಮರದಾಗ ಯಾರೋ ಕುಂತಾರ."

ರುದ್ರಮ್ಮ ಅಡುಗೆಮನೆಯ ಕಿಟಕಿಗಾಜಿಗೆ ಹಣೆ ತಾಗಿಸಿ ನೋಡುತ್ತಿದ್ದಳು.

"ಬಾಜೂಮನಿ ರೋಜರ್ ಇರ್ಬೇಕು ಬಿಡವ್ವ. ಹಕ್ಕಿ ನೋಡ್ತಾನ."

"ಹಕ್ಕಿ ನೋಡಾಕ ಬಿಲ್ಲು ಯಾಕ?"

ವಿವೇಕ ಲ್ಯಾಪ್‌ಟಾಪಿನಿಂದ ತಲೆಯೆತ್ತಲಿಲ್ಲ. ಕಾರಿನ ಬಿಡಿಭಾಗ ಮಾಡುವ ಕಂಪನಿ ಆಗಸ್ಟಿನಲ್ಲಿ ಅವನನ್ನು ಮನೆಗೆ ಕಳಿಸಿತ್ತು. ಕಾರು ಉದ್ಯಮ ಕುಸಿದಿದ್ದ ೨೦೦೯ರಲ್ಲಿ ಅಮೆರಿಕದ ಕ್ಯಾಂಟನ್ನಿನ ಆ ಬೀದಿಯ ಗಂಡಸರು ಹಗಲಿಡೀ ಮನೆಯಲ್ಲಿರುವುದು ಯಾರಿಗೂ ಹೊಸದಾಗಿರಲಿಲ್ಲ. ರೋಜರ್ ಮಾತ್ರ ಪಕ್ಕದ ಊರು ಆನ್ ಆರ್ಬರಿನ ಕಂಪನಿಯೊಂದರಲ್ಲಿ ಇನ್ನೂ ಮ್ಯಾನೇಜರ್. ತನ್ನ ವಿಭಾಗದಲ್ಲಿ ಒಂದು ಜಾಗ ಖಾಲಿಯಾಗಲಿದೆ, ಮಾತಾಡಿ ನೋಡುತ್ತೇನೆ ಎಂದಿದ್ದ. ಹಾಗೆಂದ ಭಾನುವಾರವೇ, ನಿಮ್ಮ ಹಿತ್ತಲಿನ ಓಕ್ ಮರದಲ್ಲಿ ಕೂತು ಬೇಟೆಯಾಡಲೇ ಎಂದೂ ಕೇಳಿದ. ಮನೆಗೆ ಅಷ್ಟು ಹತ್ತಿರ ಬಾಣ ಬಿಡಲು ಮನೆಯವರ ಒಪ್ಪಿಗೆ ಬೇಕಿತ್ತು. ನಿನ್ನ ತಾಯಿ ಹಾಕುವ ಕುಂಬಳಕಾಯಿ ಸಿಪ್ಪೆಗೆ ಜಿಂಕೆಗಳು ಸಂಜೆ ತಪ್ಪದೆ ಬರುತ್ತವೆ, ನಾನು ಕಾಯುವುದೇ ಬೇಡ ಎಂದು ನಕ್ಕ. ವಿವೇಕನೂ ನಕ್ಕಿದ್ದ.

"ನನ್ನ ಚಿಗರಿ ಹೊಡ್ಯಾಕ ಕುಂತಾನೇನೋ?"

"ಇಲ್ಲಿ ಅವು ಭಾಳ ಆಗ್ಯಾವವ್ವ. ಕಾರಿಗೆ ಅಡ್ಡ ಬರ್ತಾವ. ಅವಂಗ ಪರ್ಮಿಶನ್ ಐತಿ."

"ಯಾರು ಕೊಟ್ರು?"

ಅವನು ಲ್ಯಾಪ್‌ಟಾಪ್ ಮುಚ್ಚಿದ. "ನನ್ನ ನೌಕರಿ ಅವನ ಕೈಯಾಗ ಐತವ್ವ," ಎಂದ.

ರುದ್ರಮ್ಮ ಮಗನನ್ನೇ ನೋಡಿದಳು. "ಮೊದಲ ಹೇಳಿದ್ರ ಸಿಪ್ಪಿ ಹಾಕೋದರ ಬಿಡ್ತಿದ್ನಲ್ಲೋ. ನಿನ್ನೆ ಅವಕ್ಕ ತಿನ್ನಾಕ ಸಲೀಸ ಆಗ್ಲಿ ಅಂತ ಸಣ್ಣಾಗಿ ಹೆಚ್ಚಿ ಹಾಕೀನಿ."

ಸೊಸೆಯ ಜಾಕೆಟ್ಟನ್ನು ಸೀರೆಯ ಮೇಲೆ ಏರಿಸಿಕೊಂಡು ಅವಳು ಹಿತ್ತಲಿಗೆ ಇಳಿದಳು. ಮೂರು ಜಿಂಕೆಗಳು ಆಗಲೇ ಪೊದೆ ದಾಟಿ ಹುಲ್ಲಿಗೆ ಬಂದಿದ್ದವು. ರುದ್ರಮ್ಮ ಎರಡೂ ಕೈ ಬೀಸಿದಳು.

"ಹೋಗ್ರವ್ವ. ಇವತ್ತ ಏನೂ ಇಲ್ಲ, ಹೋಗ್ರಿ."

ಅವಳ ದನಿ ಕೇಳಿ ಅವು ಇನ್ನಷ್ಟು ಹತ್ತಿರ ಬಂದವು.

ಮರದ ಮೇಲಿಂದ ರೋಜರ್ ವಿವೇಕನಿಗೆ ಕೈಸನ್ನೆ ಮಾಡಿದ: ಅವರನ್ನು ಒಳಗೆ ಕರೆದುಕೋ. ವಿವೇಕ ಗಾಜಿನ ಬಾಗಿಲು ಸರಿಸಿದ.

"ಅವ್ವಾ, ಥಂಡಿ ಐತಿ. ಒಳಗ ಬಾ."

ಎಂದೂ ಇಲ್ಲದ ಅಕ್ಕರೆ ಆ ದನಿಯಲ್ಲಿತ್ತು. ಅದು ತನ್ನ ಕಿವಿಗೇ ಬಿದ್ದು ಅವನ ಮುಖ ಬಿಸಿಯಾಯಿತು.

ಅವಳು ತಿರುಗಲಿಲ್ಲ. ಮುಂದಿದ್ದ ಹೆಣ್ಣು ಜಿಂಕೆ ಕತ್ತು ಚಾಚಿ ಅವಳ ಬರಿಗೈಯನ್ನು ಮೂಸಿತು.