ಸದ್ದು ಬಿಟ್ಟ ಲ್ಯಾಪ್‌ಟಾಪ್

“ಬೇಜಾರು ಮಾಡ್ಕೋಬೇಡಿ ಮೇಡಂ, ಆ ಕೆಲಸ ಬೇರೆಯವರಿಗೆ ಕೊಟ್ಟುಬಿಟ್ಟೆ,” ಎಂದ ಆರ್ಕಿಟೆಕ್ಟ್ ಫೋನಿನಲ್ಲಿ. “ಮೊದಲೆಲ್ಲ ಬೆಳಿಗ್ಗೆ ಹೇಳಿದ್ರೆ ಸಂಜೆಗೆ ಚಿತ್ರ ಕಳಿಸ್ತಿದ್ರಿ. ಈಗ ಕಾದು ಕಾದು ನನಗೇ ಸಾಕಾಯ್ತು.”

ಇನ್ನೂ ಕಟ್ಟದ ಮನೆಗಳು ಕಟ್ಟಿದ ಮೇಲೆ ಹೇಗೆ ಕಾಣುತ್ತವೆಂದು ಕಂಪ್ಯೂಟರಿನಲ್ಲಿ ಚಿತ್ರ ಮಾಡಿಕೊಡುವುದು ಅವಳ ಕಸುಬು. ಕಿಟಕಿಯಿಂದ ಬೀಳುವ ಬಿಸಿಲು, ಸೋಫಾದ ನೆರಳು, ಎಲ್ಲವನ್ನೂ ಲ್ಯಾಪ್‌ಟಾಪ್ ಲೆಕ್ಕ ಹಾಕಿ ಮೂಡಿಸಬೇಕು. ಬಿಡದೆ ಕೆಲಸ ಕೊಡುತ್ತಿದ್ದವನು ಇವನೊಬ್ಬನೇ. ಇತ್ತೀಚೆಗೆ ಚಿತ್ರ ಮುಗಿಯುವುದೇ ಕಷ್ಟವಾಗಿತ್ತು. ತನ್ನ ಕೈಯೇ ಜಡವಾಯಿತೆಂದು ಅವಳು ಊಟ ಬಿಟ್ಟು ಕೂತಳು, ತನ್ನನ್ನೇ ಶಪಿಸಿಕೊಂಡಳು. ಲ್ಯಾಪ್‌ಟಾಪಿನ ಮೇಲೆ ಅನುಮಾನವೇ ಬರಲಿಲ್ಲ. ಹಿಂದೆ ಮಿಕ್ಸಿಯ ಹಾಗೆ ಅರಚುತ್ತಿದ್ದದ್ದು ಈಗ ತೆಪ್ಪಗಿತ್ತು. ನರಳಾಟ ನಿಂತರೆ ಕಾಯಿಲೆ ವಾಸಿಯಾಯಿತೆಂದೇ ಅಲ್ಲವೇ ಯಾರಾದರೂ ತಿಳಿಯುವುದು!

ರಿಪೇರಿ ಅಂಗಡಿಯವನು ಅದನ್ನು ಬಿಚ್ಚಲೂ ಇಲ್ಲ.

“ಏನೂ ಕೆಟ್ಟಿಲ್ಲ ಅಕ್ಕ. ಹೊಸ ಫರ್ಮ್‌ವೇರ್, ಅಂದ್ರೆ ಮೆಷಿನ್ ನಡೆಸೋ ಪ್ರೋಗ್ರಾಂ, ಹಾಕಿದೀರಲ್ಲ, ಅದರಲ್ಲಿ ಒಳಗಿನ ಫ್ಯಾನ್ ಜೋರಾಗಿ ತಿರುಗಲ್ಲ. ಬಿಸಿ ಏರಿದ ಕೂಡ್ಲೇ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತೆ.”

“ನಾನೇನೂ ಹಾಕಿಲ್ಲಪ್ಪ.”

“ತಾನಾಗೇ ಬಂದು ಕೂರೋದಲ್ಲ ಇದು. ಯಾರೋ ಓಕೆ ಒತ್ತಿದಾರೆ. ಈ ಮಾಡೆಲ್‌ನಲ್ಲಿ ಹಳೇದನ್ನ ವಾಪಸ್ ಹಾಕೋಕೂ ಬರಲ್ಲ.”

ಮನೆಯಲ್ಲಿ ಗಂಡ ಮಲಗಲು ಅಣಿಯಾಗುತ್ತಿದ್ದ. ಅವನದು ರಾತ್ರಿ ಪಾಳಿ.

“ನಾನೇ ಹಾಕಿದ್ದು,” ಎಂದ, ಮುಚ್ಚುಮರೆಯಿಲ್ಲದೆ. “ಸದ್ದು ಕಮ್ಮಿ ಆಗುತ್ತೆ ಅಂತ ಬರೆದಿತ್ತು. ಸ್ಪೀಡೂ ಇಳಿಯಬಹುದು ಅಂತಲೂ ಇತ್ತು. ದುಡಿದು ಬಂದವನಿಗೆ ನಿದ್ದೆ ಬೇಡ್ವಾ?”

“ನನ್ನನ್ನ ಒಂದು ಮಾತು ಕೇಳಬಾರದಿತ್ತಾ? ಕೈ ಓಡ್ತಿಲ್ಲ ಅಂತ ನಾನು ಅಳ್ತಿದ್ದಾಗ ನೀವು ಪಕ್ಕದಲ್ಲೇ ಇದ್ರಿ.”

“ಸಮಾಧಾನ ಮಾಡಲಿಲ್ವಾ? ವಯಸ್ಸಾಗ್ತಾ ಎಲ್ಲರಿಗೂ ಹಾಗೇನೇ ಅಂದೆನಲ್ಲ.”

“ಆರ್ಕಿಟೆಕ್ಟ್ ನನ್ನ ಕೆಲಸ ಬೇರೆಯವರಿಗೆ ಕೊಟ್ಟ,” ಎಂದಳು.

“ಇನ್ನೊಬ್ಬ ಸಿಗ್ತಾನೆ ಬಿಡು,” ಎಂದು ಅವನು ಗೋಡೆಯ ಕಡೆ ಹೊರಳಿದ. ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು. ಆ ಸದ್ದಿಗೆ ಮಾತ್ರ ಯಾರೂ ಯಾವ ಫರ್ಮ್‌ವೇರೂ ಹಾಕುವಂತಿರಲಿಲ್ಲ.

ಅವಳು ಅವನ ತಲೆದೆಸೆಯ ಟೇಬಲ್ ಫ್ಯಾನಿನ ಪ್ಲಗ್ ಕಿತ್ತು, ಹೊರಗಿನ ಕೋಣೆಗೆ ತಂದು ಲ್ಯಾಪ್‌ಟಾಪಿನ ಬೆನ್ನಿಗೆ ನಿಲ್ಲಿಸಿದಳು. ಪೂರ್ತಿ ಜೋರಿಗೆ ತಿರುಗಿಸಿದಳು. ಹಳೇ ಫ್ಯಾನು ಗಡಗಡ ಅಲುಗಾಡಿತು. ಯಾರಿಗೂ ಬೇಡವಾದ ಆ ಮನೆಯ ಚಿತ್ರವನ್ನು ಮತ್ತೆ ಶುರುಮಾಡಿದಳು. ಬಿಸಿ ಇಳಿಯುತ್ತಿದ್ದ ಹಾಗೆ ಅಲ್ಲಲ್ಲೇ ನಿಲ್ಲುತ್ತಿದ್ದ ಚಿತ್ರ ಸರಸರನೆ ಮುಂದಕ್ಕೆ ಸಾಗಿತು.

“ಏಯ್, ಎಂಥ ಸೆಖೆ! ಫ್ಯಾನ್ ಎಲ್ಲಿ?” ಒಳಗಿನಿಂದ ಕೂಗು ಬಂತು.

ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ. ಯಾರೂ ಇಲ್ಲದ ಹಜಾರ, ಕಿಟಕಿಯ ಬಿಸಿಲು. ಸೋಫಾದ ಕೆಳಗೆ ನೆರಳು ಒಂದೊಂದೇ ಚೌಕವಾಗಿ ತುಂಬಿಕೊಳ್ಳುತ್ತಿತ್ತು.