ಕೈ ಇದೆಯಾ?

ಆ ಮುದ್ರಣಾಲಯದ ಕೆಳಗಿನ ಅಂತಸ್ತಿಗೂ ಮೇಲಿನ ಅಂತಸ್ತಿಗೂ ನಡುವೆ ಇದ್ದದ್ದು ಇಪ್ಪತ್ತೆರಡು ಮೆಟ್ಟಿಲು. ಕೆಳಗೆ ಕಾಗದ ಕತ್ತರಿಸುವ, ಮಡಿಸುವ, ಹೊಲಿಯುವ ಯಂತ್ರಗಳು. ಮೇಲೆ ಮ್ಯಾನೇಜರು, ಅವರ ಕುರ್ಚಿ, ಅವರ ಫ್ಯಾನು. ಕೆಳಗಿನವರು ರಜೆಚೀಟಿ ಹಿಡಿದು ಹತ್ತುತ್ತಿದ್ದರು, ಮುಖ ಇಳಿಸಿಕೊಂಡು ಇಳಿಯುತ್ತಿದ್ದರು. ಮ್ಯಾನೇಜರು ಇಳಿದು ಬಂದದ್ದನ್ನು ಕಂಡವರಿಲ್ಲ. ಆ ಶ್ರಮವೂ ಬೇಡವೆಂದೇ ಈಗ ಅವರಿಗೆ ರಿಮೋಟ್ ಡೆಸ್ಕ್‌ಟಾಪ್ ಬೇಕಾಗಿತ್ತು. ಕೆಳಗಿನ ಕಟಿಂಗ್ ಮಷೀನಿನ ಪರದೆ ಅವರ ಮೇಜಿನ ಮೇಲೆಯೇ ಕಾಣಬೇಕು. ಎಷ್ಟು ಕಟ್ಟು ಕತ್ತರಿಸಿದರು, ಎಷ್ಟು ಹೊತ್ತು ಸುಮ್ಮನೆ ನಿಂತರು, ಎಲ್ಲ ಕೂತಲ್ಲೇ ಗೊತ್ತಾಗಬೇಕು.

ಆದರೆ ಪರದೆ ಕಾಣುತ್ತಿರಲಿಲ್ಲ. ಕಂಡರೂ ಹತ್ತು ನಿಮಿಷದ ಹಿಂದಿನ ಚಿತ್ರ ಕಲ್ಲಿನ ಹಾಗೆ ಕೂತುಬಿಡುತ್ತಿತ್ತು. ಮಷೀನು ಮಾರಿದ ಕಂಪನಿಯವನನ್ನು ಫೋನಿನಲ್ಲಿ ಕೇಳಿದ್ದಕ್ಕೆ, ಒಳಗಿನ ಸಿಪಿಯು ಕೆಲಸವಿಲ್ಲದಾಗಲೂ ತೊಂಬತ್ತೇಳು ಪರ್ಸೆಂಟ್ ಓಡುತ್ತಿದೆ, ಸುತ್ತಿದಲ್ಲೇ ಸುತ್ತುವ ಯಾವುದೋ ಕೆಲಸಕ್ಕೆ ಬಾರದ ಲೂಪು ಸಿಕ್ಕಿಹಾಕಿಕೊಂಡಿದೆ, ಕಿತ್ತು ಹಾಕಿ ಎಂದಿದ್ದ. ಮಧ್ಯಾಹ್ನದೊಳಗೆ ಕಿತ್ತು ಹಾಕು ಎಂದು ಮ್ಯಾನೇಜರು ಆ ಮಾತನ್ನು ಸೊಸೆಗೆ ದಾಟಿಸಿದರು.

ಸೊಸೆ ಎಂದರೆ ಮುದ್ರಣಾಲಯದ ರಿಪೇರಿಯವಳು. ಕಟಿಂಗ್ ಮಷೀನಿನ ಮುಂದೆ ಮೂವತ್ತೊಂದು ವರ್ಷ ನಿಂತವರು ಅವಳ ಗಂಡನ ತಂದೆ. ಹಾಗಾಗಿ ಅವಳ ಬಾಯಲ್ಲಿ ಅವರು ಮಾವ. ಅವಳನ್ನು ಕೇಳಿ ಕೇಳಿ ಇಡೀ ಕೆಳಗಿನ ಅಂತಸ್ತಿಗೇ ಅವರು ಮಾವ, ಇವಳು ಸೊಸೆ. ಗಂಡ ದೂರದೂರಿಗೆ ಲಾರಿ ಓಡಿಸುತ್ತಿದ್ದ, ಮನೆಗೆ ಬರುವುದು ವಾರಕ್ಕೊಮ್ಮೆ. ಉಳಿದ ದಿನ ಮನೆಯಲ್ಲಿ ಇವರಿಬ್ಬರೇ. ಬೆಳಿಗ್ಗೆ ಒಂದೇ ಛತ್ರಿಯಡಿ ಬಂದು, ಸಂಜೆ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದರು.

ಅವಳು ಲ್ಯಾಪ್‌ಟಾಪನ್ನು ಮಷೀನಿಗೆ ಸಿಕ್ಕಿಸಿ ಕಾಗದದ ಕಟ್ಟಿನ ಮೇಲೆ ಕೂತಳು. ಮಡಿಸುವ ಮಷೀನಿನಿಂದ ಬೈಂಡಿಂಗ್ ಅಕ್ಕ ಕೂಗಿದಳು: "ಏನೇ, ನಿಮ್ಮ ಮಾವನ ಮಷೀನು ಸುಮ್ನೆ ಕೂತಾಗ್ಲೂ ಬೆವರು ಸುರಿಸುತ್ತಂತೆ? ನಮ್ಮ ಮನೆಯವರಿಗೆ ಸ್ವಲ್ಪ ಕಲಿಸಿಕೊಡೋಕೆ ಹೇಳು."

ಸೊಸೆ ನಕ್ಕು ಕೆಲಸಕ್ಕಿಳಿದಳು. ಈ ಮಷೀನಿನ ಹೊಟ್ಟೆಯೊಳಗಿನ ಕಂಪ್ಯೂಟರು ಮನೆಯ ಕಂಪ್ಯೂಟರಿನಂತಲ್ಲ. ಅದರದು ರಿಯಲ್ ಟೈಮ್ ಆಪರೇಟಿಂಗ್ ಸಿಸ್ಟಮ್. ಸ್ವಲ್ಪ ತಾಳಿ, ಆಮೇಲೆ ಬನ್ನಿ ಎನ್ನುವ ಮಾತೇ ಅದಕ್ಕೆ ಗೊತ್ತಿಲ್ಲ. ಬ್ಲೇಡು ನಿಲ್ಲಬೇಕಾದ ಕ್ಷಣಕ್ಕೆ ನಿಲ್ಲಲೇಬೇಕು. ಅದಕ್ಕೇ ಒಳಗಿನ ಕೆಲಸಗಳಿಗೆ ಒಂದು ಸಾಲು ಉಂಟು. ಮೊದಲು ಬ್ಲೇಡಿನದು, ಆಮೇಲೆ ಲೆಕ್ಕದ್ದು. ದೂರ ಕೂತವರಿಗೆ ಪರದೆ ತೋರಿಸುವುದು ಎಲ್ಲರದೂ ಊಟ ಆದ ಮೇಲೆ. ಕೆಲಸ ಮಾಡುವವರು ಮೊದಲು, ನೋಡುವವರು ಕೊನೆಗೆ. ಇಷ್ಟು ನ್ಯಾಯ ಒಂದು ತಗಡಿನ ಡಬ್ಬಿಗೆ ಇತ್ತು.

ರಿಮೋಟ್ ಡೆಸ್ಕ್‌ಟಾಪನ್ನೇ ನಿಲ್ಲಿಸಿ ನೋಡಿದಳು. ತೊಂಬತ್ತೇಳು ಹಾಗೇ ಇತ್ತು. ಅಂದರೆ ತಪ್ಪು ಅದರದಲ್ಲ, ಅದು ಊಟ ಸಿಗದೆ ಸಾಲಿನ ಕೊನೆಯಲ್ಲಿ ನಿಂತಿದೆ ಅಷ್ಟೆ. ನೆಟ್‌ವರ್ಕಿನ ತಂತಿ ಎಳೆದಳು, ಕಟ್ಟು ಎಣಿಸುವ ಕೆಲಸ ನಿಲ್ಲಿಸಿದಳು. ಅಂಕಿ ಅಲುಗಲಿಲ್ಲ. ಒಂದೊಂದನ್ನೇ ಮಲಗಿಸುತ್ತ ಹೋದಾಗ ಕೊನೆಗೆ ಉಳಿದದ್ದು ಒಂದು ಪುಟ್ಟ ಕೆಲಸ. ಅದರ ಹೆಸರು 'ಕೈ'. ಅದನ್ನು ನಿಲ್ಲಿಸಿದ್ದೇ ತಡ, ತೊಂಬತ್ತೇಳು ದಡದಡನೆ ಇಳಿದು ಐದಕ್ಕೆ ಬಂತು. ತಂತಿ ಸಿಕ್ಕಿಸಿ ಉಳಿದ ಕೆಲಸಗಳನ್ನೆಲ್ಲ ಮತ್ತೆ ಎಬ್ಬಿಸಿದಳು. ಒಂದು ನಿಮಿಷದಲ್ಲೇ ಮೇಲಿನಿಂದ ಫೋನು. ಪರದೆ ಕನ್ನಡಿಯ ಹಾಗೆ ಕಾಣುತ್ತಿದೆ, ಭೇಷ್ ಎಂದರು ಮ್ಯಾನೇಜರು.

ಲ್ಯಾಪ್‌ಟಾಪು ಮುಚ್ಚುವವಳೇ ಇದ್ದಳು. ಅಷ್ಟರಲ್ಲಿ ನೀರು ಕುಡಿಯಲು ಹೋಗಿದ್ದ ಮಾವ ಬಂದರು. ದಿನವೂ ಬೆಳಿಗ್ಗೆ, ರಿಪೇರಿ ಆದ ಮೇಲೂ, ಮೊದಲ ಕಟ್ಟು ಇಡುವ ಮುಂಚೆ ಅವರದೊಂದು ಪದ್ಧತಿ ಇತ್ತು. ರದ್ದಿ ಕಾಗದವನ್ನು ಕೈಯಷ್ಟು ದಪ್ಪ ಸುತ್ತಿ, ಪೆಡಲು ಒತ್ತಿದ ಮೇಲೆ ಅದನ್ನು ಬ್ಲೇಡಿನ ಕೆಳಗೆ ಚಾಚುವುದು. ಬ್ಲೇಡಿನ ಎರಡು ಬದಿಯ ಕಂಬಗಳ ನಡುವೆ ಕಣ್ಣಿಗೆ ಕಾಣದ ಬೆಳಕಿನ ಗೆರೆ ಇತ್ತು. ಅದಕ್ಕೆ ಎಲ್ಲರೂ 'ಕಣ್ಣು' ಅನ್ನುತ್ತಿದ್ದರು. ಏನಾದರೂ ಅಡ್ಡ ಬಂದರೆ ಕಣ್ಣಿಗೆ ಗೊತ್ತಾಗಿ ಬ್ಲೇಡು ಅರ್ಧದಲ್ಲೇ ನಿಲ್ಲಬೇಕು. ಮೂರು ವರ್ಷದಿಂದ ದಿನವೂ ನಿಲ್ಲುತ್ತಿತ್ತು.

ಮಾವ ಪೆಡಲು ಒತ್ತಿ ಸುರುಳಿ ಚಾಚಿದರು.

ಬ್ಲೇಡು ನಿಲ್ಲಲಿಲ್ಲ. ಸುರುಳಿಯ ತುದಿ ಕಚಕ್ಕೆಂದು ಆ ಕಡೆ ಬಿತ್ತು. ಮಾವ ಕೈಯಲ್ಲಿ ಉಳಿದ ತುಂಡನ್ನು ಒಂದು ಗಳಿಗೆ ನೋಡಿದರು. ಎರಡೂ ಕೈಯನ್ನು ಏಪ್ರನ್ನಿನ ಜೇಬಿಗೆ ಇಳಿಸಿ, ಹೋಗಿ ಕಿಟಕಿಯ ಬಳಿ ನಿಂತರು.

ಸೊಸೆ ಲ್ಯಾಪ್‌ಟಾಪನ್ನು ಮತ್ತೆ ಎಳೆದುಕೊಂಡಳು. ಅವಳು 'ಕೈ'ಯನ್ನು ಬಿಚ್ಚಿ ಓದತೊಡಗಿದಳು. ಮಷೀನು ಮಾಡಿದವರ ಪ್ರೋಗ್ರಾಮು ಪೆಡಲು ಒತ್ತಿದಾಗ ಒಂದೇ ಒಂದು ಸಲ ಕಣ್ಣನ್ನು ಕೇಳುತ್ತಿತ್ತು. ಆಮೇಲೆ ಕೈ ಬಂದರೆ ಅದು ಕೈಯವನ ಹಣೆಬರಹ. ಹಣೆಬರಹವನ್ನು ಹೀಗೆ ಫ್ಯಾಕ್ಟರಿಯಲ್ಲೇ ಬರೆದು ಕಳಿಸುತ್ತಾರೆ. ಅದನ್ನು ತಿದ್ದಿದ್ದು ಅವಳಿಗಿಂತ ಮುಂಚೆ ರಿಪೇರಿ ನೋಡುತ್ತಿದ್ದ ಕನ್ನಡಕದಣ್ಣ. ಮಾವನ ಗೆಳೆಯ, ತೀರಿಕೊಂಡು ಎರಡು ವರ್ಷವಾಗಿತ್ತು. ಅವನು ಸೇರಿಸಿದ ಲೂಪು ಬೆಳಿಗ್ಗೆಯಿಂದ ಸಂಜೆಯವರೆಗೆ ಕಣ್ಣನ್ನು ಒಂದೇ ಪ್ರಶ್ನೆ ಕೇಳುತ್ತಿತ್ತು. ಕೈ ಇದೆಯಾ? ಕೈ ಇದೆಯಾ? ಮಷೀನು ನಿಂತಾಗಲೂ, ಮಾವ ಊಟಕ್ಕೆ ಹೋದಾಗಲೂ, ಉಸಿರು ತೆಗೆದುಕೊಳ್ಳದೆ ಕೇಳುತ್ತಿತ್ತು. ಕೆಲಸಕ್ಕೆ ಬಾರದ ತೊಂಬತ್ತೇಳು ಅಂದರೆ ಇದು.

ಲೂಪಿನ ಕೊನೆಯಲ್ಲಿ ಮಷೀನು ಓದದ, ಮನುಷ್ಯರು ಮಾತ್ರ ಓದುವ ನಾಲ್ಕು ಸಾಲು ಇತ್ತು.

"ಇದನ್ನು ತೆಗೆಯಬೇಡಿ. ಈ ಮಷೀನು ನಡೆಸುವ ನನ್ನ ಗೆಳೆಯನ ಬಲಗೈಯ ಕೊನೆಯ ಎರಡು ಬೆರಳು ಜೋಮು ಹಿಡಿದಿವೆ. ಅವು ಎಲ್ಲಿವೆ ಅಂತ ಅವನಿಗೇ ತಿಳಿಯಲ್ಲ, ಅದಕ್ಕೆ ಇದು ಕೇಳುತ್ತಿರಲಿ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೇನೆ. ಇದನ್ನು ಓದಿದವರೂ ಕೊಟ್ಟ ಹಾಗೇ."

ಅವಳಿಗೆ ಮನೆಯ ಅಡುಗೆಮನೆ ಕಣ್ಣಿಗೆ ಬಂತು. ಕುದಿಯುವ ಹಾಲಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುತ್ತಿದ್ದ ಮಾವ, ಬಿಸಿ ಲೋಟವನ್ನು ಬರಿಗೈಯಲ್ಲಿ ಹಿಡಿದು ಪೇಪರು ಓದುತ್ತಿದ್ದ ಮಾವ. ನಮ್ಮ ಮಾವನ ಕೈ ಕಬ್ಬಿಣ ಎಂದು ಅವಳು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಅವರು ಮೀಸೆಯಲ್ಲೇ ನಕ್ಕಿದ್ದರು. ಕೈ ಹೋಗಿದೆ ಎಂದು ಗೊತ್ತಾದರೆ ಮೇಲಿನವರು ಮಾರನೇ ದಿನವೇ ಗೇಟು ತೋರಿಸುತ್ತಾರೆ. ಮೂವತ್ತೊಂದು ವರ್ಷ ನಿಂತ ಜಾಗ ಬಿಟ್ಟು ಎಲ್ಲಿ ನಿಲ್ಲುವುದು? ಆ ಹೆದರಿಕೆಯನ್ನು ಆ ಮನುಷ್ಯ ಒಂದೇ ಸೂರಿನಡಿ ಅವಳಿಂದಲೂ ಬಚ್ಚಿಟ್ಟಿದ್ದರು.

ಅವಳು ಕಣ್ಣೊರೆಸಿಕೊಂಡು ಲೆಕ್ಕ ಹಾಕಿದಳು. ಬ್ಲೇಡು ಮೇಲಿನಿಂದ ಕಟ್ಟಿಗೆ ಇಳಿಯಲು ಒಂದು ಸೆಕೆಂಡು ಹಿಡಿಯುತ್ತದೆ. ಆ ಸೆಕೆಂಡಿನಲ್ಲಿ ಸಾವಿರ ಸಲ ಕೇಳಿದರೆ ಧಾರಾಳ ಸಾಕು, ಲಕ್ಷ ಸಲ ಕೇಳಬೇಕಿಲ್ಲ. ಎರಡು ಪ್ರಶ್ನೆಯ ನಡುವೆ ಒಂದು ಚಿಟಿಕೆ ಬಿಡುವು ಕೊಟ್ಟರೆ ಸಿಪಿಯುವಿಗೆ ಉಸಿರು ಬರುತ್ತದೆ. ಕನ್ನಡಕದಣ್ಣನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿದ್ದೇ ಇರಬೇಕು. ಗೆಳೆಯನ ಕೈ ವಿಷಯದಲ್ಲಿ ಬಿಡುವು ಕೊಡಲು ಅವನಿಗೆ ಧೈರ್ಯ ಬಂದಿರಲಿಕ್ಕಿಲ್ಲ.

ಅವಳಿಗೂ ಸುಲಭದಲ್ಲಿ ಬರಲಿಲ್ಲ. ಒಂದು ಮಿಲಿಸೆಕೆಂಡಿನ ಬಿಡುವು ಸೇರಿಸಿ, 'ಕೈ'ಯನ್ನು ಮತ್ತೆ ಓಡಿಸಿ, ರದ್ದಿ ಸುರುಳಿ ಹಿಡಿದು ತಾನೇ ಹದಿನೇಳು ಸಲ ಚಾಚಿದಳು. ಹದಿನೇಳು ಸಲವೂ ಬ್ಲೇಡು ನಾಲ್ಕು ಬೆರಳು ಮೇಲೇ ನಿಂತಿತು. ಸಿಪಿಯು ಆರಕ್ಕೆ ಇಳಿದಿತ್ತು. ಆಮೇಲೆ ಮಾವನನ್ನು ಕರೆದು, ಆಯ್ತು ಮಾವ, ಕಟ್ಟು ಇಡಿ ಎಂದಳು.

ಒಂದನ್ನು ಮಾತ್ರ ಅವಳು ಮರೆತಿದ್ದಳು. ರಿಮೋಟ್ ಡೆಸ್ಕ್‌ಟಾಪಿನಲ್ಲಿ ಪರದೆ ಕಾಣುವುದಷ್ಟೇ ಅಲ್ಲ, ಪರದೆಯ ಗುಂಡಿಗಳನ್ನು ಒತ್ತಲೂ ಬರುತ್ತದೆ.

ಮಾವ ಕಟ್ಟು ಇಟ್ಟು ಎಡಗೈಯಿಂದ ಅಂಚು ತಟ್ಟಿದರು. ಕಾಲು ಪೆಡಲಿನ ಹತ್ತಿರವೂ ಇರಲಿಲ್ಲ. ಮೇಲೆ, ಇಪ್ಪತ್ತೆರಡು ಮೆಟ್ಟಿಲಿನಾಚೆ, ಮ್ಯಾನೇಜರು ಹೊಸ ಆಟಿಕೆ ಸಿಕ್ಕ ಖುಷಿಯಲ್ಲಿ 'ಕತ್ತರಿಸು' ಎಂಬ ಗುಂಡಿಯ ಮೇಲೆ ಒಂದು ಕ್ಲಿಕ್ಕು ಕೊಟ್ಟರು. ಆ ಕ್ಷಣಕ್ಕೆ ಬೆಳಕಿನ ಗೆರೆಯಲ್ಲಿ ಯಾವ ಕೈಯೂ ಇರಲಿಲ್ಲ. ಮಡಿಸುವ ಮಷೀನಿನ ಗಲಾಟೆಯಲ್ಲಿ ಮೋಟರಿನ ಸದ್ದು ಯಾರಿಗೂ ಕೇಳಲಿಲ್ಲ. ಬ್ಲೇಡು ಇಳಿಯತೊಡಗಿತು. ಆಗ ಮಾವ ಕಟ್ಟಿನ ಹಿಂದಿನ ಅಂಚು ನೇರ ಮಾಡಲೆಂದು ಬಲಗೈ ಒಳಗೆ ಹಾಕಿದರು.

ಸೊಸೆ ನೋಡಿದಳು. ಕೂಗಲು ಬಾಯಿ ತೆರೆದಳು.

ಬ್ಲೇಡು ಗಕ್ಕನೆ ನಿಂತಿತು.

ಮಾವ ತಲೆಯೆತ್ತಿ ಬ್ಲೇಡನ್ನು ನೋಡಿದರು, ಪೆಡಲನ್ನು ನೋಡಿದರು, ಆಮೇಲೆ ತನ್ನ ಕೈಯನ್ನು ಬೇರೆ ಯಾರದೋ ವಸ್ತುವಿನಂತೆ ನಿಧಾನವಾಗಿ ಹೊರಗೆ ತೆಗೆದುಕೊಂಡರು. ಬೆರಳು ಐದೂ ಇದ್ದವು. ಸೊಸೆ ಓಡಿಬಂದು ಒಂದೊಂದನ್ನೇ ಮುಟ್ಟಿ ಮುಟ್ಟಿ ಎಣಿಸಿದಳು. ಕೊನೆಯ ಎರಡನ್ನು ಮುಟ್ಟಿದಾಗ ಅವರ ಮುಖದಲ್ಲಿ ಏನೂ ಆಗಲಿಲ್ಲ. ಅವಳು ಅದನ್ನು ನೋಡಿದಳು. ಅವಳು ನೋಡಿದ್ದನ್ನು ಅವರೂ ನೋಡಿದರು.

ಲ್ಯಾಪ್‌ಟಾಪಿಗೆ ಮರಳಿ ರಿಮೋಟ್ ಡೆಸ್ಕ್‌ಟಾಪನ್ನು 'ನೋಡಲು ಮಾತ್ರ' ಎಂದು ಮಾಡಿದಳು. ತಕ್ಷಣ ಫೋನು ಬಡಿದುಕೊಂಡಿತು. ಗುಂಡಿ ಯಾಕೆ ಒತ್ತಕ್ಕೆ ಬರುತ್ತಿಲ್ಲ ಎಂದು ಮ್ಯಾನೇಜರು ಕೇಳಿದರು. ಒಂದು ಸಲ ಒತ್ತಿದ್ದೆ, ಕೆಲಸ ಮಾಡಿತಲ್ಲ ಎಂದರು.

"ಮಾಡ್ತು ಸಾರ್. ಕೆಳಗೆ ಕೈ ಇತ್ತು," ಎಂದಳು.

ಆ ಕಡೆಯಿಂದ ಮ್ಯಾನೇಜರು, ಪರದೆಯಲ್ಲಿ ಕೈ ಕಾಣಲ್ಲವಲ್ಲಮ್ಮ ಎಂದರು. ಅದಂತೂ ಅವರು ಬಾಯಿಬಿಟ್ಟು ಹೇಳಿದ ದೊಡ್ಡ ಸತ್ಯ. ಕಟ್ಟಿನ ಲೆಕ್ಕ ಕಾಣುತ್ತದೆ, ನಿಂತ ನಿಮಿಷ ಕೆಂಪಾಗಿ ಕಾಣುತ್ತದೆ, ಕೈ ಕಾಣುವುದಿಲ್ಲ. ಆದರೂ ಗುಂಡಿ ಬೇಕೇ ಬೇಕು, ಇಲ್ಲದಿದ್ದರೆ ಮೆಮೊ ಕೊಡಬೇಕಾಗುತ್ತದೆ ಎಂದೂ ಸೇರಿಸಿದರು.

"ನೋಡೋದಕ್ಕೆ ಇಟ್ಟಿದ್ದೀನಿ ಸಾರ್. ಒತ್ತಬೇಕು ಅಂದ್ರೆ ಇಳಿದು ಬನ್ನಿ. ಇಪ್ಪತ್ತೆರಡೇ ಮೆಟ್ಟಿಲು."

ಅವಳ ದನಿ ಕೇಳಿ ಬೈಂಡಿಂಗ್ ಅಕ್ಕ ಇತ್ತ ನೋಡಿದಳು. ಅರ್ಧ ಇಳಿದು ನಿಂತ ಬ್ಲೇಡು, ಮಾವನ ಕೈ, ಸೊಸೆಯ ಮುಖ. ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ತನ್ನ ಮಷೀನನ್ನು ಆರಿಸಿದಳು. ಅದರ ಸದ್ದು ನಿಂತಿದ್ದಕ್ಕೆ ಹೊಲಿಯುವವರು ತಿರುಗಿ ನೋಡಿ ಅವರೂ ಆರಿಸಿದರು. ಆಮೇಲೆ ಅಂಟು ಹಚ್ಚುವವರು. ಯಾರೂ ಘೋಷಣೆ ಕೂಗಲಿಲ್ಲ. ಇಡೀ ಅಂತಸ್ತು ಸುಮ್ಮನಾಯಿತು, ಮೇಲಿನ ಫ್ಯಾನು ತಿರುಗುವ ಸದ್ದು ಕೆಳಗೆ ಕೇಳುವಷ್ಟು. ಆ ನಿಶ್ಶಬ್ದ ಫೋನಿನೊಳಗೂ ಹೋಗಿರಬೇಕು. ತುಸು ಹೊತ್ತಿನ ಮೇಲೆ, ಸರಿ, ಹಾಗೇ ಇರಲಿ ಎಂದರು ಮ್ಯಾನೇಜರು. ಇಳಿದು ಮಾತ್ರ ಬರಲಿಲ್ಲ.

ಚಹಾದ ಹೊತ್ತಿಗೆ ಮಾವ ಕಿಟಕಿಯ ಕೆಳಗಿನ ಬೆಂಚಿನ ಮೇಲೆ ಕೂತಿದ್ದರು. ಸೊಸೆ ಎರಡು ಗ್ಲಾಸು ತಂದಳು. ಅವರ ಗ್ಲಾಸಿಗೆ ತನ್ನ ಕರ್ಚೀಫು ಸುತ್ತಿದಳು. ಅವರು ರೂಢಿಯಂತೆ ಬಲಗೈ ಚಾಚಿದರೆ, ಗ್ಲಾಸನ್ನು ಅದರಾಚೆ ದಾಟಿಸಿ ಎಡಗೈಗೆ ಕೊಟ್ಟಳು. ಅವರು ಬಲಗೈಯನ್ನು ಜೇಬಿಗೆ ಇಳಿಸಿದರು.

ಮಾವ ಗ್ಲಾಸಿನ ಕಡೆ ನೋಡುತ್ತ ಕೇಳಿದರು: "ಕನ್ನಡಕದವನು ಹೇಳಿಬಿಟ್ನಾ?"

"ಯಾರೂ ಏನೂ ಹೇಳಿಲ್ಲ ಮಾವ."

ಅವರು ಒಂದು ಗುಟುಕು ಕುಡಿದರು. ಹೊರಗೆ ಯಾರೋ ಕಾಗದದ ಗಾಡಿ ತಳ್ಳಿಕೊಂಡು ಹೋದರು.

"ಶನಿವಾರ ಡಾಕ್ಟರ ಹತ್ರ ಹೋಗೋಣ್ವಾ ಮಾವ?"

"ಯಾಕಮ್ಮ, ನಿನಗೇನಾಗಿದೆ?"

"ನಂಗೆ ಭಯ ಆಗಿದೆ."

ಮಾವ ಬಲಗೈಯನ್ನು ಜೇಬಿನಿಂದ ತೆಗೆದು ಬೆಂಚಿನ ಮೇಲೆ, ಅವಳಿಗೆ ಕಾಣುವ ಹಾಗೆ ಇಟ್ಟರು. ಏನನ್ನೂ ಮುಚ್ಚಿಡದೆ, ಮೂರು ವರ್ಷದಲ್ಲಿ ಮೊದಲ ಸಲ.

"ಹಂಗಾದ್ರೆ ಬರ್ತೀನಿ ಬಿಡು," ಎಂದರು. "ಭಯ ಆದವಳನ್ನ ಒಬ್ಬಳೇ ಹೇಗೆ ಕಳಿಸೋದು."